ಸೆಟ್ಟಿನ ಸಂಸಾರ

ಮದುವೆ ಮನೆಯ ಜವಾಬ್ದಾರಿಯನ್ನೆಲ್ಲ ಯಾರೂ ಹೇಳದೆ ತಲೆ ಮೇಲೆ ಹಾಕಿಕೊಂಡು ಓಡಾಡುವ ಒಬ್ಬ ಮಾವ ಪ್ರತಿ ವಂಶದಲ್ಲೂ ಇರುತ್ತಾನೆ. ನಮ್ಮ ವಂಶದ ಮಾವನ ಜೇಬಿನಲ್ಲಿ ಮದುವೆಗೆ ತಿಂಗಳ ಮುಂಚಿನಿಂದಲೇ ಒಂದು ಚೀಟಿ ಓಡಾಡುತ್ತಿರುತ್ತದೆ. ಒಮ್ಮೆ ಅದನ್ನು ಇಸಿದುಕೊಂಡು ಓದಿದೆ. "ಮೈಕ್‌ಸೆಟ್ - ಹೇಳಿದೆ. ಬ್ಯಾಂಡ್‌ಸೆಟ್ - ಅಡ್ವಾನ್ಸ್ ಕೊಟ್ಟಿದೆ. ಜೆನ್‌ಸೆಟ್ - ಡೀಸೆಲ್ ಯಾರ ಲೆಕ್ಕ? ನೆಕ್ಲೆಸ್ ಸೆಟ್ - ಅತ್ತಿಗೆ ಬೀರು, ಬೀಗದಕೈ ಕೇಳಬೇಕು. ಡಿನ್ನರ್ ಸೆಟ್ - ಯಾರೂ ತರಬೇಡಿ ಅಂತ ಮೊದಲೇ ಹೇಳೋದು. ಅಪ್ಪಯ್ಯನ ಹಲ್ಲುಸೆಟ್ - ಮರೀಬಾರದು."

"ಮಾವ, ಮದುವೆ ಕನ್ನಡದವರದು, ಚೀಟಿ ಪೂರ್ತಿ ಇಂಗ್ಲಿಷು" ಅಂದೆ. ಮಾವ ಚೀಟಿ ಕಿತ್ತುಕೊಂಡು ಕನ್ನಡಕ ಏರಿಸಿ ನೋಡಿದರು. ಡೀಸೆಲ್ ಇಂಗ್ಲಿಷು ಅಂತ ಒಪ್ಪಿದರು. ಅಡ್ವಾನ್ಸ್ ಕೂಡ ಇರಬಹುದು ಅಂದರು. ಆದರೆ "ಸೆಟ್ ಇಂಗ್ಲಿಷಾ? ಹಾಗಾದ್ರೆ ಕನ್ನಡದಲ್ಲಿ ಏನಂತಾರೆ, ಹೇಳು ನೋಡೋಣ" ಅಂತ ನನ್ನನ್ನೇ ಕೇಳಿದರು.

ಅವರ ಚೀಟಿಯನ್ನು ಕನ್ನಡಕ್ಕೆ ತರುವುದೇನೂ ಅಸಾಧ್ಯವಲ್ಲ. ಧ್ವನಿವರ್ಧಕ, ವಾದ್ಯವೃಂದ, ವಿದ್ಯುಜ್ಜನಕ, ಕಂಠಾಭರಣ, ಭೋಜನ ಪಾತ್ರೆಗಳು, ದಂತಪಂಕ್ತಿ. ಎಲ್ಲ ಸರಿಯಾಗಿಯೇ ಇವೆ. ಆದರೆ ಕಾವ್ಯಗಳಲ್ಲಿ ದಾಳಿಂಬೆ ಬೀಜಕ್ಕೆ ಸಮನಾಗಿ ಹೊಳೆಯಬೇಕಾದ ದಂತಪಂಕ್ತಿ, ರಾತ್ರಿ ನೀರು ತುಂಬಿದ ಸ್ಟೀಲ್ ಲೋಟದಲ್ಲಿ ಮುಳುಗಿ ಮಲಗುತ್ತದೆ ಎಂದರೆ ಯಾರು ಒಪ್ಪುತ್ತಾರೆ? ಅಲ್ಲಿ ಮಲಗಬೇಕಾದ್ದು ಹಲ್ಲುಸೆಟ್ಟೇ. ಬೆಳಗ್ಗೆ ಎದ್ದ ತಕ್ಷಣ "ನನ್ ಸೆಟ್ಟೆಲ್ಲಿ?" ಎಂದು ಅಜ್ಜ ಕೇಳುವಾಗ ಆ ಮಾತಿನಲ್ಲಿ ಬರುವ ಅಕ್ಷರಗಳಲ್ಲಿ ಒಂದಕ್ಕೂ ಹಲ್ಲು ಬೇಕಾಗುವುದಿಲ್ಲ ಎಂದು ಯಾರೂ ಭಾವಿಸಬಾರದು. 'ಸ' ಹೇಳಲು ಹಲ್ಲು ಬೇಕು. ಅದಕ್ಕೇ ಆ ಪ್ರಶ್ನೆ ಮನೆಯವರಿಗೆ "ನನ್ ಶೆಟ್ಟೆಲ್ಲಿ?" ಎಂದು ಕೇಳಿಸಿ, ಹೊಸದಾಗಿ ಬಂದ ಸೊಸೆ ಯಾವ ಶೆಟ್ಟರನ್ನು ಕರೆಯುತ್ತಿದ್ದಾರೆ ಎಂದು ಗಾಬರಿಯಾಗುವುದು.

ಈ ಪುಟ್ಟ ಪದದ ಖ್ಯಾತಿ ಇಂಗ್ಲಿಷಿನಲ್ಲೂ ಕಡಿಮೆಯದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂದಾಗ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದದ್ದು ಸೆಟ್. 430 ಅರ್ಥಗಳು. ಅವನ್ನು ಬಿಡಿಸಿ ಹೇಳಲು ಸುಮಾರು 60,000 ಪದಗಳು. ನಮ್ಮಲ್ಲಿ ಅಷ್ಟು ಬರೆದರೆ ಅದನ್ನು ಕಾದಂಬರಿ ಎಂದು ಕರೆದು, ಮುನ್ನುಡಿ ಬರೆಸಿ, ಬಿಡುಗಡೆ ಸಮಾರಂಭ ಮಾಡಿ, ಉಪ್ಪಿಟ್ಟು ಕೇಸರಿಬಾತು ಹಂಚುತ್ತೇವೆ.

ಆ ನಿಘಂಟಿನ ಮೊದಲ ಆವೃತ್ತಿ ಹುಟ್ಟಿದ ಕಥೆಯೂ ಸ್ವಾರಸ್ಯದ್ದು. ಮುಖ್ಯ ಸಂಪಾದಕ ಜೇಮ್ಸ್ ಮರ್ರೆ ಆಕ್ಸ್‌ಫರ್ಡಿನ ತನ್ನ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು ಹಾಕಿಸಿಕೊಂಡು, ಜಗತ್ತಿನ ಮೂಲೆಮೂಲೆಯಿಂದ ಬಂದ ಚೀಟಿಗಳನ್ನು ಗೂಡುಗಳಲ್ಲಿ ಪೇರಿಸಿಕೊಂಡು ಕೂತಿದ್ದ. ಶೆಡ್ಡು ಎದ್ದು ಕಂಡರೆ ನಮ್ಮ ಮನೆಯಿಂದ ಕಾಣುವ ನೋಟ ಕೆಡುತ್ತದೆ ಎಂದು ಪಕ್ಕದವರು ತಕರಾರು ಮಾಡಿದ್ದರಿಂದ ಅದನ್ನು ನೆಲದಲ್ಲಿ ತಗ್ಗಿಸಿ ಕಟ್ಟಬೇಕಾಯಿತು. ಇಂಗ್ಲಿಷ್ ಭಾಷೆಯ ಅತಿ ದೊಡ್ಡ ಸ್ಮಾರಕ ಎದ್ದು ನಿಂತದ್ದು ಹೀಗೆ, ಅರ್ಧ ಗುಂಡಿಯೊಳಗಿಂದ. ಪಕ್ಕದ ಮನೆಯವರು ಎಲ್ಲ ದೇಶದಲ್ಲೂ ಪಕ್ಕದ ಮನೆಯವರೇ.

'ಎಸ್' ಅಕ್ಷರದ ಈ ಭಾಗ ಪಾಲಿಗೆ ಬಂದದ್ದು ಮಾತ್ರ ಮರ್ರೆಗಲ್ಲ, ಹೆನ್ರಿ ಬ್ರ್ಯಾಡ್ಲಿಗೆ. ಬ್ರ್ಯಾಡ್ಲಿ ಆ ಕೆಲಸಕ್ಕೆ ಸಿಕ್ಕಿಬಿದ್ದ ರೀತಿ ನಮ್ಮ ವಿಮರ್ಶಕರೆಲ್ಲ ತಿಳಿದುಕೊಳ್ಳಬೇಕಾದದ್ದು. 1884ರಲ್ಲಿ ನಿಘಂಟಿನ ಮೊದಲ ಕಂತು ಹೊರಬಂದಾಗ ಆತ ಅದಕ್ಕೊಂದು ವಿಮರ್ಶೆ ಬರೆದ. ಬರೆದದ್ದು ಎಷ್ಟು ಚೆನ್ನಾಗಿತ್ತೆಂದರೆ, ಇಷ್ಟೆಲ್ಲ ಗೊತ್ತಿರುವವನು ಹೊರಗಿರುವುದೇಕೆ ಎಂದು ಅವನನ್ನೇ ಕೆಲಸಕ್ಕೆ ಎಳೆದುಕೊಂಡರು. ಕೆಲವೇ ವರ್ಷಗಳಲ್ಲಿ ಸಹ ಸಂಪಾದಕನಾದ. ತಪ್ಪು ಹುಡುಕಿದವನ ಕೈಗೇ ಪೊರಕೆ ಕೊಡುವ ಈ ಪದ್ಧತಿ ನಮ್ಮಲ್ಲಿ ಜಾರಿಗೆ ಬಂದರೆ ಭಾನುವಾರದ ಪುರವಣಿಗಳಲ್ಲಿ ಸಾಕಷ್ಟು ಜಾಗ ಖಾಲಿ ಉಳಿಯುತ್ತದೆ.

ಇಷ್ಟು ದೊಡ್ಡ ಪಟ್ಟ ಸೆಟ್‌ಗೆ ಶಾಶ್ವತವಾಗಿ ಉಳಿಯಲಿಲ್ಲ. ಮೂರನೆಯ ಆವೃತ್ತಿಯ ಕೆಲಸ ನಡೆಯುತ್ತಿದ್ದಾಗ ಪೀಟರ್ ಗಿಲಿವರ್ ಎಂಬ ನಿಘಂಟುಕಾರ ರನ್ ಎಂಬ ಕ್ರಿಯಾಪದವನ್ನು ಹಿಡಿದುಕೊಂಡು ಕೂತು, ಒಂಬತ್ತು ತಿಂಗಳು ಹೊತ್ತು, 645 ಅರ್ಥಗಳನ್ನು ಹೆತ್ತ. ರನ್ ಮುಂದೆ ಹೋಯಿತು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕ್ರೀಸಿನಲ್ಲಿ ಸೆಟ್ ಆಗಿ ನಿಂತ ಬ್ಯಾಟ್ಸ್‌ಮನ್‌ಗಿಂತ ರನ್ ಓಡಿದವನಿಗೇ ಕೊನೆಗೆ ಲೆಕ್ಕ ಸಿಗುವುದು.

ಸೆಟ್ ಒಂದು ಪದವಲ್ಲ, ಒಂದೇ ವೇಷ ಹಾಕಿಕೊಂಡ ಎರಡು ಪದಗಳು ಎಂದು ಪಂಡಿತರು ಹೇಳುತ್ತಾರೆ. ಕ್ರಿಯಾಪದದ ಸೆಟ್, ಕೂರು ಎಂಬರ್ಥದ ಸಿಟ್‌ನ ಒಡಹುಟ್ಟು. ಕೂರಿಸು ಎಂಬುದೇ ಅದರ ಮೂಲಾರ್ಥ. ಗುಂಪು ಎಂಬರ್ಥದ ಸೆಟ್, ಲ್ಯಾಟಿನ್ನಿನ ಸೆಕ್ಟಾದಿಂದ ಫ್ರೆಂಚ್ ಮಾರ್ಗವಾಗಿ ಬಂದದ್ದು. ಅದರ ಹಿಂದಿರುವುದು ಹಿಂಬಾಲಿಸು ಎಂಬ ಧಾತು. ಆಮೇಲೆ ಎರಡೂ ಕಲೆತು ಯಾರು ಯಾರೆಂದು ಗುರುತು ಸಿಗದಂತಾದವು. ಇಲ್ಲಿಗೆ ನಿಂತಿದ್ದರೆ ನಮಗೇನೂ ಸಂಬಂಧವಿರುತ್ತಿರಲಿಲ್ಲ. ಆದರೆ ಮೊದಲನೆಯದರ ಸಂಸ್ಕೃತದ ದಾಯಾದಿ 'ಸದ್' ಎಂಬ ಧಾತು. ಸದನ, ಸದಸ್ಯ, ಉಪನಿಷತ್ತು, ಪರಿಷತ್ತು ಎಲ್ಲ ಅದರ ಸಂತಾನ. ಗುರುವಿನ ಹತ್ತಿರ ಕೂತರೆ ಉಪನಿಷತ್ತು, ಸುತ್ತಲೂ ಕೂತರೆ ಪರಿಷತ್ತು. ಎರಡನೆಯದರ ದಾಯಾದಿ 'ಸಚ್', ಜೊತೆಗೂಡು, ಹಿಂಬಾಲಿಸು; ಅದರಿಂದ ಹುಟ್ಟಿದವನು ಸಚಿವ. ಅಂದಮೇಲೆ ವಿಧಾನ ಪರಿಷತ್ತಿನ ಸದಸ್ಯರೊಬ್ಬರು ಸಚಿವರಾಗಲು ಬೆಂಗಳೂರಿಗೂ ದೆಹಲಿಗೂ ಓಡಾಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದರೆ, ನಿರುಕ್ತದ ಪ್ರಕಾರ ಅವರು ಒಂದು ಸೆಟ್ಟಿನಿಂದ ಇನ್ನೊಂದು ಸೆಟ್ಟಿಗೆ ಹೋಗಲು ನೋಡುತ್ತಿದ್ದಾರೆ ಅಷ್ಟೆ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಜೇಮ್ಸ್ ಮರ್ರೆ ತೀರಿಕೊಂಡದ್ದೂ ಒಂದೇ ವರ್ಷ, 1915. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಮುಂದೆ ಅದೇ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ತಂದಿತಲ್ಲ ಎಂದು ನೆನೆಸಿಕೊಂಡರೆ ಪುನರ್ಜನ್ಮವನ್ನು ನಂಬಬೇಕೆನ್ನಿಸುತ್ತದೆ.

430 ಅರ್ಥ ಎಂದ ತಕ್ಷಣ ಬೆರಗಾಗುವವರು ನಮ್ಮ ಮನೆಯ 'ಹಾಕು' ಎಂಬ ಕ್ರಿಯಾಪದವನ್ನು ಒಂದು ಗಳಿಗೆ ನೋಡಬೇಕು. ಬೀಗ ಹಾಕು, ಅಂಗಿ ಹಾಕು, ಊಟ ಹಾಕು, ಲೆಕ್ಕ ಹಾಕು, ಶಾಪ ಹಾಕು, ಕೇಸು ಹಾಕು, ಹೊಂಚು ಹಾಕು, ಹಾಲಿಗೆ ಹೆಪ್ಪು ಹಾಕು. ಎಮ್ಮೆ ಕರು ಹಾಕಿತು. ಒಬ್ಬರಿಗೆ ಮಣೆ ಹಾಕಿದರೆ ಗೌರವ, ಟೋಪಿ ಹಾಕಿದರೆ ಮೋಸ. ನಾಮವನ್ನು ದೇವರಿಗೆ ಹಾಕುವುದು ಬೇರೆ, ಸಾಲ ಕೊಟ್ಟವನಿಗೆ ಹಾಕುವುದು ಬೇರೆ. ಸೊಪ್ಪನ್ನು ದನಕ್ಕೆ ಹಾಕಬಹುದು, ಬೆದರಿಕೆಗೆ ಹಾಕದೆಯೂ ಇರಬಹುದು. ಇನ್ನೊಂದು ಕ್ರಿಯಾಪದದ ಬಾಲಕ್ಕೆ ಸಿಕ್ಕಿಸಿದರೆ ತಿಂದುಹಾಕು, ಹರಿದುಹಾಕು, ಮುಗಿಸಿಹಾಕು. ಇಷ್ಟಾದ ಮೇಲೆ ಯಾರಾದರೂ ಹಾಕು ಎಂದರೆ ನಿಜವಾಗಿ ಏನು ಎಂದು ಕೇಳಿದರೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಸ್ವಂತಕ್ಕೊಂದು ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಳ್ಳದೆ, ಪಕ್ಕದಲ್ಲಿ ಯಾರು ಕೂತರೆ ಅವರ ಅರ್ಥವನ್ನು ಹಂಚಿಕೊಂಡು ಬಾಳುವ ಪದಗಳಿವು. ಕಿಟ್ಟೆಲ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ನೋಡಿ, ಅಚ್ಚನ್ನೂ ಹಾಕಿಸಿಯೇ ಆಗಬೇಕು.

ಹಾಗೆಂದು ಇಂಗ್ಲಿಷಿನ ಸೆಟ್ ಬಂದಲ್ಲೆಲ್ಲ ನಾವು ಹಾಕು ಎನ್ನುವುದಿಲ್ಲ. ಅಲಾರಂ ಇಡುತ್ತೇವೆ, ಬಲೆ ಒಡ್ಡುತ್ತೇವೆ, ಬೆಂಕಿ ಹಚ್ಚುತ್ತೇವೆ. ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ. ಕೂರಿಸು ಎಂಬ ಮೂಲಾರ್ಥವನ್ನು ಇವತ್ತಿಗೂ ಚಾಚೂ ತಪ್ಪದೆ ಕಾಪಾಡಿಕೊಂಡು ಬಂದಿರುವವನು ಅವನೊಬ್ಬನೇ. ಇಂಗ್ಲಿಷಿನಲ್ಲಿ ಸೂರ್ಯ ಕೂರುತ್ತಾನೆ, ನಮ್ಮಲ್ಲಿ ಮುಳುಗುತ್ತಾನೆ. ಪಶ್ಚಿಮಕ್ಕೆ ಕಡಲಿರುವ ನಾಡಿನವರು ಬೇರೆ ಹೇಗೆ ಹೇಳಲು ಸಾಧ್ಯ? ಆಗುಂಬೆಯಲ್ಲಿ ಮಾತ್ರ ಅವನು ಸನ್‌ಸೆಟ್ ಪಾಯಿಂಟಿನಲ್ಲಿ ಇಂಗ್ಲಿಷಿನಲ್ಲಿಯೇ ಮುಳುಗಬೇಕು, ಅದೂ ಮೋಡ ಮುಸುಕದಿದ್ದರೆ. ಮೋಡ ಮುಸುಕಿದ ದಿನ ಜನ ಮಂಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಸೂರ್ಯ ಇರಬೇಕಾದ ದಿಕ್ಕಿಗೆ ಬೆರಳು ತೋರಿಸಿ ಹಿಂದಿರುಗುತ್ತಾರೆ. ಇನ್ನು ಪ್ರಶ್ನೆಪತ್ರಿಕೆ. ಇಂಗ್ಲಿಷ್ ಮೇಷ್ಟ್ರು ಅದನ್ನು ಸೆಟ್ ಮಾಡುತ್ತಾರೆ, ಕನ್ನಡ ಮೇಷ್ಟ್ರು ತೆಗೆಯುತ್ತಾರೆ. ಎಲ್ಲಿಂದ ತೆಗೆಯುತ್ತಾರೆ ಎಂಬುದು ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಇಟ್ಟುಕೊಂಡ ಹುಡುಗರಿಗೆ ಗೊತ್ತಿರುತ್ತದೆ.

ಆದ್ದರಿಂದ 430 ಅರ್ಥಗಳ ಈ ಶ್ರೀಮಂತ ಕನ್ನಡಕ್ಕೆ ಬಂದಾಗ ಹೆಚ್ಚಿನ ಗಂಟುಮೂಟೆಯನ್ನೆಲ್ಲ ಹಡಗುಕಟ್ಟೆಯಲ್ಲೇ ಬಿಟ್ಟು ಬರಬೇಕಾಯಿತು. ಇಡಲು, ಒಡ್ಡಲು, ಹಚ್ಚಲು, ಕೂರಿಸಲು ಇಲ್ಲಿ ಆಳುಗಳು ಮೊದಲೇ ಇದ್ದರು. ಕ್ರಿಯಾಪದ ಎಂಬ ಅಧಿಕಾರ ಕಳೆದುಕೊಂಡು ಬರಿಯ ಸೆಟ್ ಆಗಿ, ಮಾಡು ಅಥವಾ ಆಗು ಎಂಬ ಇಬ್ಬರಲ್ಲಿ ಒಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡೇ ಓಡಾಡಬೇಕಾಯಿತು. ಒಂದು ಅನುಕೂಲ ಮಾತ್ರ ಇತ್ತು, ಮುಖಚಹರೆ. ಕೊನೆಗೊಂದು ಉಕಾರ ಸೇರಿಸಿ ಸೆಟ್ಟು ಎಂದರೆ ಸಾಕು. ಪೆಟ್ಟು, ಮೆಟ್ಟು, ಕಟ್ಟು, ಪಟ್ಟು, ಗುಟ್ಟುಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತುಬಿಡಬಹುದು. ಯಾವ ಊರು, ಯಾರ ಪೈಕಿ ಎಂದು ಕೇಳುವವರಿಲ್ಲ. ಶಾಲೆಯ ವ್ಯಾಕರಣದಲ್ಲಿ ಅನ್ಯದೇಶ್ಯ ಪದಗಳಿಗೆ ಉದಾಹರಣೆ ಕೊಡಿ ಎಂದರೆ ಮಕ್ಕಳು ಬಸ್ಸು, ಸೋಪು, ದವಾಖಾನೆ ಎಂದು ಬರೆಯುತ್ತಾರೆ. ಸೆಟ್ಟು ಎಂದು ಬರೆದ ಮಗುವನ್ನು ನಾನು ಕಂಡಿಲ್ಲ. ಎರವಲು ಪದಗಳಿಗೆಂದೇ ಕೋಶ ಮಾಡಿಕೊಟ್ಟ, 107 ವರ್ಷ ಬಾಳಿದ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಇಂಥ ತಲೆಹರಟೆಗಳಿಗೆಲ್ಲ ಎಷ್ಟು ತಾಳ್ಮೆಯಿಂದ ಉತ್ತರಿಸುತ್ತಿದ್ದರು! ಹೊಸ ಪದ ಬಂತೆಂದು ಬಾಗಿಲು ಹಾಕಿಕೊಳ್ಳುವ ಜಾಯಮಾನ ಅವರದಲ್ಲ.

ಸೆಟ್ಟು ಪಡೆದ ಅತ್ಯುನ್ನತ ಪದವಿ ಎಂದರೆ ಸೆಟ್ಟೇರಿದ್ದು. ಇದನ್ನು ಮೊದಲು ಬರೆದ ಸಿನಿಮಾ ವರದಿಗಾರ ಯಾರೋ, ಅವನಿಗೊಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿ ಇದೆ. ಪಟ್ಟವೇರು, ರಥವೇರು, ಹಸೆಮಣೆ ಏರು ಎಂಬ ಮಾತುಗಳ ಪಕ್ಕದಲ್ಲಿ 'ಚಿತ್ರ ಸೆಟ್ಟೇರಿತು' ಎಂದು ಇಟ್ಟುನೋಡಿ, ಎಲ್ಲೂ ಹೊಲಿಗೆ ಕಾಣುವುದಿಲ್ಲ. ಸೆಟ್ಟು, ಏರಿತು, ಉಕಾರ ಲೋಪ. ಲೋಪಸಂಧಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಪಠ್ಯಪುಸ್ತಕದಲ್ಲೂ ಇಲ್ಲ. ಇಂಗ್ಲಿಷಿನವರಿಗೆ ಹೀಗೆ ಏರುವ ಭಾಗ್ಯವಿಲ್ಲ, ಅವರ ನಟರು ಸೆಟ್ಟಿನ ಮೇಲೆ ಸುಮ್ಮನೆ ಇರುತ್ತಾರೆ. ನಮ್ಮಲ್ಲಿ ಹೊರಾಂಗಣ ಚಿತ್ರೀಕರಣವೇ ಪೂರ್ತಿಯಿರುವ, ಒಂದು ಹಲಗೆಯನ್ನೂ ನಿಲ್ಲಿಸದ ಸಿನಿಮಾ ಕೂಡ ಸೆಟ್ಟೇರುತ್ತದೆ. ದೇವಸ್ಥಾನದ ಮುಂದೆ ಕ್ಲ್ಯಾಪ್ ಹೊಡೆದು, ಗಣ್ಯರೊಬ್ಬರು ಕ್ಯಾಮೆರಾ ಚಾಲೂ ಮಾಡಿ, ಎಲ್ಲರೂ ಹಾರ ಹಾಕಿಸಿಕೊಂಡರೆ ಆಯಿತು. ಚಿತ್ರೀಕರಣ ಮುಗಿದರೆ ಕುಂಬಳಕಾಯಿ ಒಡೆಯುತ್ತಾರೆ. ಏರುವುದಕ್ಕೂ ಒಡೆಯುವುದಕ್ಕೂ ನಡುವೆ ಎಷ್ಟೋ ಸಿನಿಮಾಗಳು ಕಣ್ಮರೆಯಾಗುತ್ತವೆ. ಏರಿದ್ದು ಎಲ್ಲರಿಗೂ ಗೊತ್ತು, ಇಳಿದದ್ದನ್ನು ಕಂಡವರಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂದಿತಾದರೂ ಅದು ಸೆಟ್ಟೇರಿದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಲಂಕೆಯ ಅರಮನೆ ಪರಸ್ಥಳದಲ್ಲಿ ಎದ್ದದ್ದು ಒಂದು ರೀತಿಯಲ್ಲಿ ನ್ಯಾಯವೇ.

ಏರಿದ ಮೇಲೆ ಇಳಿಯಲು ಒಪ್ಪದ ಸೆಟ್ಟುಗಳೂ ಇವೆ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಆಡಿದ ಪಂದ್ಯದ ಐದನೆಯ ಸೆಟ್ 70-68ರಲ್ಲಿ ಮುಗಿಯಿತು. ಪಂದ್ಯ ಮೂರು ದಿನ ಎಳೆದು ಒಟ್ಟು 11 ಗಂಟೆ 5 ನಿಮಿಷ ನಡೆಯಿತು. ಅಂಕಫಲಕವೇ 47-47ಕ್ಕೆ ಕೈಚೆಲ್ಲಿ ನಿಂತಿತು. ಒಂದು ಸೆಟ್ಟೆಂದರೆ ಆರು ಗೇಮು ಎಂದು ಕಲಿತು ಟಿವಿ ಮುಂದೆ ಕೂತವರು ಆ ದಿನ ಮಾಡಿಟ್ಟ ಅಡುಗೆ ಹಳಸಿಹೋಗಿರಬೇಕು.

ಹಳ್ಳಿಯ ಸೆಟ್ಟಿಗೆ ಇಂಥ ವೈಭವವೇನಿಲ್ಲ. ಅಲ್ಲಿರುವುದು ಪಂಪ್‌ಸೆಟ್. ಪಂಪಿಗೆ ಮೋಟಾರು ಜೋಡಿಸಿದ್ದರಿಂದ ಸೆಟ್. ಕಾಗದಪತ್ರಗಳಲ್ಲಿ ಅದು 'ಐಪಿ ಸೆಟ್'. 2008ರಿಂದ ಕರ್ನಾಟಕದಲ್ಲಿ 10 ಹಾರ್ಸ್‌ಪವರ್‌ವರೆಗಿನ ಇಂಥ ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಬೆಲೆ ಇಲ್ಲದ್ದಕ್ಕೆ ಹೊತ್ತೂ ಇರುವುದಿಲ್ಲ. ತ್ರೀಫೇಸ್ ಕರೆಂಟು ಯಾವ ಅಪರಾತ್ರಿಯಲ್ಲಿ ಬರುತ್ತದೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಮಲಗುವ ರೈತನಿಗೆ ನಿದ್ದೆಯಲ್ಲೂ ಮೋಟಾರಿನ ಸದ್ದು ಕೇಳುತ್ತಿರುತ್ತದೆ. ಇನ್ನು ರೇಡಿಯೋ ಸೆಟ್. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರೊ. ಎಂ.ವಿ. ಗೋಪಾಲಸ್ವಾಮಿ 'ಆಕಾಶವಾಣಿ' ಆರಂಭಿಸಿದಾಗ ಕೇಳಲು ಊರಲ್ಲಿ ಎಷ್ಟು ಸೆಟ್ಟುಗಳಿದ್ದವೋ! ಮುಂದೆ 1980ರ ದಶಕದವರೆಗೂ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಬಂದೂಕಿಗೂ ಲೈಸೆನ್ಸು, ಬಿನಾಕಾ ಗೀತಮಾಲಾಕ್ಕೂ ಲೈಸೆನ್ಸು.

ಕನ್ನಡ ಮಾಧ್ಯಮದ ಗಣಿತ ಮೇಷ್ಟ್ರು ಮಾತ್ರ ಸೆಟ್ಟಿಗೆ ಒಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಗೆಯಾರ್ಗ್ ಕ್ಯಾಂಟರ್ ಕಟ್ಟಿದ ಇಡೀ ಶಾಸ್ತ್ರವನ್ನು ಅವರು 'ಗಣ' ಎಂಬ ಎರಡಕ್ಷರದಲ್ಲಿ ಹಿಡಿದರು. ಉಪಗಣ, ಶೂನ್ಯಗಣ, ಗಣಸಂಯೋಗ, ಗಣಛೇದನ. ಎಷ್ಟು ಚೆಂದದ ಪದಗಳು! ತೊಂದರೆ ಏನೆಂದರೆ, ಅದೇ ಕೊಠಡಿಯಲ್ಲಿ ಹಿಂದಿನ ಪೀರಿಯಡ್ಡಿನಲ್ಲಿ ಕನ್ನಡ ಪಂಡಿತರು ಛಂದಸ್ಸಿನ ಗಣ ಹೇಳಿಕೊಟ್ಟು ಹೋಗಿರುತ್ತಿದ್ದರು. ಬೆಂಚಿನ ಮೇಲೆ ಯಮಾತಾರಾಜಭಾನಸಲಗಂ ಇನ್ನೂ ಆರಿರುವುದಿಲ್ಲ, ಬೋರ್ಡಿನ ಮೇಲೆ ವೆನ್ ಚಿತ್ರ ಬಿದ್ದಿರುತ್ತದೆ. ಎರಡು ದುಂಡನೆಯ ವೃತ್ತಗಳು ಒಂದರ ಹೊಟ್ಟೆಯಲ್ಲೊಂದು ತೂರಿಕೊಂಡಿರುವುದನ್ನು ಕಂಡು, ಇದು ಗುರುವೋ ಲಘುವೋ ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟುತ್ತಿದ್ದರು. ಶೂನ್ಯಗಣ ಎಂದರೆ ಏನೂ ಇಲ್ಲದ ಗಣ, ಆದರೂ ಅದು ಗಣವೇ ಎಂದು ಮೇಷ್ಟ್ರು ಎಷ್ಟು ವಿವರಿಸಿದರೂ ಅರ್ಥವಾಗದ ಹುಡುಗರಿಗೆ, ತಿಂಗಳ ಕೊನೆಯಲ್ಲಿ ಅಪ್ಪನ ಪರ್ಸು ನೋಡಿದಾಗ ಥಟ್ಟನೆ ಅರ್ಥವಾಗಿರಬೇಕು.

ಗುಂಪನ್ನು ಹೆಸರಿಸುವುದರಲ್ಲಿ ನಾವು ಇಂಗ್ಲಿಷಿನವರಿಗಿಂತ ಬಡವರೇನಲ್ಲ. ಬಾಳೆಹಣ್ಣಿಗೆ ಚಿಪ್ಪು, ಹುಲ್ಲಿಗೆ ಕಂತೆ, ಹೋರಿಗೆ ಜೊತೆ, ಯಕ್ಷಗಾನಕ್ಕೆ ಮೇಳ. ಉಡುಪಿಯ ಕಡೆ ಶಂಕರಪುರ ಮಲ್ಲಿಗೆ ಕೊಳ್ಳಲು ಹೋದರೆ ಎಣಿಕೆಯೇ ಬೇರೆ. 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮಲ್ಲಿಗೆ. ದರ ದಿನಕ್ಕೊಂದು, ಮದುವೆ ಹಂಗಾಮಿನಲ್ಲಿ ಅಟ್ಟೆಯ ಬೆಲೆ ಕೇಳಿ ಅತ್ತೆಯೇ ದಂಗಾಗುತ್ತಾರೆ. ಇಲ್ಲಿ ಸೆಟ್ಟು ಎನ್ನುವ ಹಾಗೇ ಇಲ್ಲ. ಒಂದು ಸೆಟ್ ಮಲ್ಲಿಗೆ ಕೊಡಿ ಎಂದರೆ ಹೂವಿನವರು ನಿಮ್ಮನ್ನು ಘಟ್ಟದ ಮೇಲಿನವರೆಂದು ಗುರುತು ಹಚ್ಚಿ ಅದಕ್ಕೆ ತಕ್ಕ ದರ ಹೇಳುತ್ತಾರೆ. ನನಗೆ ತೋರುವಂತೆ ವ್ಯತ್ಯಾಸ ಇಷ್ಟೇ: ಅಟ್ಟೆ, ಚಿಪ್ಪು, ಕಂತೆಗಳಲ್ಲಿ ಒಂದು ಕಡಿಮೆಯಾದರೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಸೆಟ್ಟಿನಲ್ಲಿ ಒಂದು ಹೋದರೆ ಎಲ್ಲ ಹೋದಂತೆ. ಆರು ಕಪ್ಪುಗಳ ಟೀ ಸೆಟ್ಟಿನಲ್ಲಿ ಒಂದು ಒಡೆದ ದಿನ ಮನೆಯಲ್ಲಿ ನಡೆಯುವ ವಿಚಾರಣೆಯನ್ನು ನೋಡಬೇಕು. ಐದು ಕಪ್ಪು ಗಟ್ಟಿಯಾಗಿಯೇ ಇವೆ, ಚಹಾ ಸೋರುವುದಿಲ್ಲ. ಆದರೂ ಅವು ನೆಂಟರ ಮುಂದೆ ಬರುವ ಯೋಗ್ಯತೆ ಕಳೆದುಕೊಂಡು, ಒಂದರಲ್ಲಿ ಸಾಸಿವೆ, ಒಂದರಲ್ಲಿ ಸೇಫ್ಟಿ ಪಿನ್ನು, ಇನ್ನೊಂದರಲ್ಲಿ ಕರೆಂಟ್ ಬಿಲ್ಲಿನ ಚಿಲ್ಲರೆ ತುಂಬಿಕೊಂಡು ವಾನಪ್ರಸ್ಥಕ್ಕೆ ಹೋಗುತ್ತವೆ. ನಮ್ಮ ಹಳೆಯ ಹಿತ್ತಾಳೆ ಲೋಟಗಳು ಎಂದೂ ಸೆಟ್ಟಾಗಿರಲಿಲ್ಲ. ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಎಷ್ಟು ಕಳೆದರೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಈಗಿನ ಹುಡುಗರು ಈ ಪದವನ್ನು ತೆಗೆದುಕೊಂಡು ಹೋಗಿರುವ ಜಾಗ ಆಕ್ಸ್‌ಫರ್ಡಿನವರ 430ರಲ್ಲಿ ಇಲ್ಲ. "ನಂಗೆ ಸೆಟ್ ಆಗಲ್ಲ ಕಣೋ." ಏನು ಸೆಟ್ ಆಗುವುದಿಲ್ಲ? ಹಾಸ್ಟೆಲ್ ಊಟ, ಚೆನ್ನೈ ಹವೆ, ಬಿಳಿ ಪ್ಯಾಂಟು, ನೈಟ್ ಶಿಫ್ಟು, ಮ್ಯಾನೇಜರು, ದೇವರು, ಯಾವುದೂ ಆಗಬಹುದು. "ಅವರಿಬ್ಬರಿಗೂ ಸೆಟ್ ಆಗಿದೆಯಂತೆ" ಎಂದರೆ ಇನ್ನು ಮನೆಯವರಿಗೆ ತಿಳಿಸುವುದೊಂದು ಬಾಕಿ ಎಂದರ್ಥ. "ಕೆಲಸ ಸೆಟ್ಟಾಯ್ತಾ?" ಎಂಬುದಕ್ಕೆ ಆಫರ್ ಲೆಟರು ಬಂದಿರಬೇಕು. ಹಿರಿಯರು ಇದನ್ನು ಕೇಳಿ ಮುಖ ಸಿಂಡರಿಸುತ್ತಾರೆ. ಒಗ್ಗು, ಹೊಂದು, ಕೂಡಿಬರು ಎಂಬ ಮಾತುಗಳಿಲ್ಲವೇ ಎಂದು ಕೇಳುತ್ತಾರೆ. ಇವೆ. ಆದರೆ ಒಗ್ಗುವುದಕ್ಕೆ ಕಾಲ ಬೇಕು. ಹೊಸ ಊರಿನ ನೀರು ಮೈಗೆ ಒಗ್ಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಗಂಡನ ಮನೆಯ ಹುಳಿ ಒಗ್ಗಲು ನಮ್ಮ ಅಜ್ಜಿಗೆ ಅರ್ಧ ಆಯುಷ್ಯ ಹಿಡಿಯಿತು. ಸೆಟ್ ಆಗುವುದು ಇಲ್ಲವೇ ಆಗದಿರುವುದು ಮೊದಲನೆಯ ವಾರದಲ್ಲೇ ತಿಳಿದುಹೋಗುತ್ತದೆ. ಒಗ್ಗಲಿಲ್ಲ ಎಂದರೆ ತಪ್ಪು ಸ್ವಲ್ಪ ನನ್ನದೂ ಇದ್ದೀತು. ಸೆಟ್ ಆಗಲಿಲ್ಲ ಎಂದರೆ ಯಾರದೂ ತಪ್ಪಿಲ್ಲ, ತಯಾರಿಯಲ್ಲೇ ಏನೋ ಅಳತೆ ಬೇರೆ. ಮನಸ್ಸು ನೋಯಿಸದೆ ಕೈ ತೊಳೆದುಕೊಳ್ಳಲು ಇಷ್ಟು ಸಭ್ಯವಾದ ಮಾತು ನಮ್ಮ ಕಾಲದಲ್ಲಿ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಧುಪರೀಕ್ಷೆಗಳ ಮರುದಿನ 'ಜಾತಕ ಕೂಡಿಬರಲಿಲ್ಲ' ಎಂದು ಆ ಬಡ ಜೋಯಿಸರ ಮೇಲೆ ಹೊರಿಸುವುದು ತಪ್ಪುತ್ತಿತ್ತು.

ಸೆಟ್ ಆದವನು ಸೆಟ್ಲ್ ಆಗಬೇಕು, ಇದು ಅಪ್ಪಅಮ್ಮಂದಿರ ಸಿದ್ಧಾಂತ. ಎರಡರ ನಡುವೆ ಒಂದು 'ಲ್' ಮಾತ್ರ. ಅಷ್ಟಕ್ಕೆ ಹುಡುಗ ಸೈಟು, ಕಾರು, ಇಎಂಐ, ಹೆಂಡತಿ ಎಲ್ಲವನ್ನೂ ತರಬೇಕು. ಈ ವಿಷಯದಲ್ಲಿ ಗಾರೆ ಕೆಲಸದವರ ಶಾಸ್ತ್ರ ಸ್ಪಷ್ಟವಾಗಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ಕಲಸಿದ ಮೇಲೆ 30 ನಿಮಿಷಕ್ಕೆ ಮೊದಲು ಬಿಗಿಯಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು ಎಂದು ಭಾರತೀಯ ಮಾನಕದಲ್ಲೇ ಇದೆ. ಮೇಸ್ತ್ರಿಗೆ ಈ ಅಂಕಿ ಗೊತ್ತಿಲ್ಲದಿದ್ದರೂ "ಸೆಟ್ಟಾಗ್ಲಿ ಬಿಡಿ ಸಾರ್, ತುಳೀಬೇಡಿ" ಎಂದು ಗದರಿಸುವುದು ಗೊತ್ತು. ಆಮೇಲೂ ವಾರಗಟ್ಟಲೆ ನೀರುಣಿಸುತ್ತಲೇ ಇರಬೇಕು. ಸಿಮೆಂಟಿಗೆ ಇಷ್ಟು ಸಮಯ ಕೊಡುವ ಜನ ಮಗನಿಗೆ ಕೊಡುವುದಿಲ್ಲ. ಅಂದಹಾಗೆ, ಗಟ್ಟಿಯಾಗಿ ನಿಲ್ಲುವುದಕ್ಕೆ ಕನ್ನಡದಲ್ಲಿ 'ಸೆಟೆ' ಎಂಬ ಮಾತು ಮೊದಲಿಂದಲೂ ಇದೆ. ಸೆಟೆದು ನಿಂತ ಎನ್ನುತ್ತೇವಲ್ಲ, ಅದು. ಸೆಟ್‌ಗೂ ಸೆಟೆಗೂ ನೆಂಟಸ್ತನವೇನೂ ಇಲ್ಲ, ಕಾಕತಾಳೀಯ. 'ಸೆಟ್ಟಿ ಬಿಟ್ಟಲ್ಲೇ ಪಟ್ಟಣ' ಎಂಬ ಗಾದೆಯ ಸೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಅವನು ಸಂಸ್ಕೃತದ ಶ್ರೇಷ್ಠಿ. ಆದರೂ ಮೂಟೆ ಇಳಿಸಿದ ಕಡೆಯೇ ಅಂಗಡಿ ತೆರೆದುಬಿಡುವ ಗುಣದಲ್ಲಿ ಇಬ್ಬರೂ ಒಂದೇ.

ಇಷ್ಟೆಲ್ಲ ಸೆಟ್ಟುಗಳಲ್ಲಿ ಇಂದಿಗೂ ಯಾವ ನಿಘಂಟೂ ಬಗೆಹರಿಸಲಾರದ್ದು ಸೆಟ್ ದೋಸೆ. ಮೆತ್ತಗೆ, ದಪ್ಪಗೆ, ಮೈತುಂಬ ತೂತು, ಪಕ್ಕದಲ್ಲಿ ಸಾಗು. ಇಷ್ಟು ನಿರ್ವಿವಾದ. ಆದರೆ ಒಂದು ಸೆಟ್ಟಿಗೆ ಎಷ್ಟು? ಒಂದು ಹೋಟೆಲಿನಲ್ಲಿ ಎರಡು, ಇನ್ನೊಂದರಲ್ಲಿ ಮೂರು, ಉದಾರಿಗಳಿರುವ ಊರಿನಲ್ಲಿ ನಾಲ್ಕೂ ಉಂಟು. ಕೆಲವು ಕಡೆ ಗೋಡೆಯ ಮೇಲೆ 'ಸಿಂಗಲ್ ಸೆಟ್' ಎಂದು ಬೇರೆ ಬರೆದಿರುತ್ತಾರೆ. ಒಂದೇ ದೋಸೆಯ ಸೆಟ್ಟು. ಕ್ಯಾಂಟರ್ ಇದನ್ನು ಕಂಡಿದ್ದರೆ ಏಕಾಂಶ ಗಣಕ್ಕೆ ಬೇರೆ ಉದಾಹರಣೆ ಹುಡುಕುತ್ತಿರಲಿಲ್ಲ. ಮೊನ್ನೆ ನಾನೂ ಗೆಳೆಯನೊಬ್ಬನೂ ಹಾಗೊಂದು ಹೋಟೆಲಿಗೆ ಹೋಗಿದ್ದೆವು. ಅವನಿಗೆ ಸಕ್ಕರೆ ಕಾಯಿಲೆ, ನನಗೆ ಅದರ ಹೆದರಿಕೆ.

"ಸೆಟ್ಟಿಗೆ ಎಷ್ಟಪ್ಪಾ?" ಅಂತ ಕೇಳಿದೆ.

"ಮೂರು ಸಾರ್."

"ಎರಡು ಮಾತ್ರ ಕೊಡ್ತೀಯಾ?"

"ಎರಡು ಕೊಟ್ರೆ ಸೆಟ್ ಆಗಲ್ಲ ಸಾರ್. ಬಿಲ್ಲಲ್ಲಿ ಬರಲ್ಲ."

"ಹಾಗಾದ್ರೆ ಒಂದು ಸೆಟ್, ಬೈಟು" ಅಂದ ಗೆಳೆಯ. ಕಾಫಿಯನ್ನು ಬೈಟು ಮಾಡುವುದು ಬೆಂಗಳೂರಿನಲ್ಲಿ ಯಾರಿಗೂ ಕಷ್ಟವಲ್ಲ. ಮೂರು ದೋಸೆಯನ್ನು ಇಬ್ಬರಿಗೆ ಹಂಚುವುದು ಬೇರೆ ಲೆಕ್ಕ. ಹುಡುಗ ಅಡುಗೆಮನೆಯ ಕಡೆಗೊಮ್ಮೆ, ಕ್ಯಾಷ್ ಕೌಂಟರಿನ ಕಡೆಗೊಮ್ಮೆ ನೋಡಿ, ತಟ್ಟೆ ಒರೆಸುತ್ತಲೇ ತೀರ್ಮಾನ ಹೇಳಿದ: "ಮೂರೂ ತಂದಿಟ್ಟು ಎರಡು ಖಾಲಿ ಪ್ಲೇಟ್ ಕೊಡ್ತೀನಿ. ನೀವ್ ನೀವೇ ಸೆಟ್ ಮಾಡ್ಕೊಳ್ಳಿ."